ಮೇಲಿನ ಒಂದು ಪದರ

ಕಾರ್ಬನ್ ಫೈಬರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಮೈಲೂರಿನ ನಮ್ಮ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಎದ್ದು ಹೋಗುವ ಮೊದಲು ಒಂದೇ ಮಾತು ಕೇಳುತ್ತಾರೆ: "ಕಾಕಾ, ಎಷ್ಟು ಪದರ ಹಾಕಬೇಕ್ರಿ?" ಯಾವ ಸಾಮಾನಿಗೆ ಎಂದು ಹೇಳುವುದಿಲ್ಲ. ಅದರ ಮೇಲೆ ಯಾರು ಕೂಡುತ್ತಾರೆ, ಯಾರು ನಿಲ್ಲುತ್ತಾರೆ, ಅದು ಬಾಗಬೇಕೋ ಬಾಗಬಾರದೋ, ಆ ಸುದ್ದಿಯೇ ಇಲ್ಲ. ಡಾಕ್ಟರ ಎದುರು ಕೂತು ರೋಗ ಹೇಳದೆ ಎಷ್ಟು ಗುಳಿಗೆ ನುಂಗಲಿ ಎಂದು ಕೇಳಿದ ಹಾಗೆ. ಅಂಥವರಿಗೆ ನಾನು ಹನ್ನೊಂದು ಎಂದು ಹೇಳಿ ಕಳಿಸುತ್ತೇನೆ. ಬಹಳ ಖುಷಿಯಿಂದ ಹೋಗುತ್ತಾರೆ.

ಇನ್ನೊಂದು ಪ್ರಶ್ನೆ ಕೇಳುವಷ್ಟು ತಾಳ್ಮೆ ಇದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುವ ದಿನ ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿ ಸಿಗುವುದಿಲ್ಲ. ಆ ಶಾಲನ್ನು ನನ್ನ ಹೆಂಡತಿ ರೊಟ್ಟಿ ಬುಟ್ಟಿಗೆ ಸುತ್ತುತ್ತಾಳೆ. ರೊಟ್ಟಿ ಬೆಚ್ಚಗಿರುತ್ತದೆ, ಅಷ್ಟಾದರೂ ಆಯಿತು.

ಬೀದರಿನ ಹತ್ತಿರದ ಕೊಳಾರದ ಕಾರ್ಖಾನೆಗೆ ನಾನು ಸೇರಿದಾಗ ಅಲ್ಲಿ ಕಾರ್ಬನ್ ಇರಲಿಲ್ಲ. ಗ್ಲಾಸ್ ಫೈಬರಿನ ನೀರಿನ ಟಾಕಿ, ಬಚ್ಚಲ ಬಾಗಿಲು, ಕೂಲರ್ ಡಬ್ಬಿ ಮಾಡುತ್ತಿದ್ದೆವು. ಸಾಂಚಾ ಎಂಬ ಅಚ್ಚಿನ ಮೇಲೆ ಬಟ್ಟೆ ಹಾಸು, ರೆಸಿನ್ ಎಂಬ ಅಂಟನ್ನು ಬ್ರಷ್ಷಿನಿಂದ ಬಳಿ, ರೋಲರ್ ಉರುಳಿಸು, ಮತ್ತೆ ಬಟ್ಟೆ ಹಾಸು. ಸಂಜೆಗೆ ಮೈಯೆಲ್ಲ ತುರಿಕೆ. ಟಾಕಿ ಸೋರಿದರೆ ಇನ್ನೊಂದು ಪದರ, ಬಾಗಿಲು ಅಲುಗಾಡಿದರೆ ಮತ್ತೊಂದು ಪದರ. ಗ್ಲಾಸು ಪಾಪ, ಏನು ಮಾಡಿದರೂ ಸಹಿಸಿಕೊಳ್ಳುತ್ತಿತ್ತು. ನಮ್ಮ ಮಾಲಕರ ಬುದ್ಧಿ ಬೆಳೆದದ್ದು ಆ ಟಾಕಿಯೊಳಗೆ, ಮತ್ತು ಅದು ಅಲ್ಲಿಂದ ಹೊರಗೆ ಬರಲೇ ಇಲ್ಲ. ಅವರ ಹೆಸರು ಬರೆಯುವುದಿಲ್ಲ. ನಾವೆಲ್ಲ ಸಾವ್ಕಾರ್ರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ.

ಮುಂದೆ ಕಾರ್ಬನ್ ಬಂತು. ಇದೂ ಬಟ್ಟೆಯೇ, ಆದರೆ ಕರಿ ಎಳೆಯದು. ರೆಸಿನ್ ಕುಡಿಸಿ, ಪದರದ ಮೇಲೆ ಪದರ ಇಟ್ಟು, ಭಟ್ಟಿಯಲ್ಲಿ ಕಾಯಿಸಿದರೆ ಕಬ್ಬಿಣದ ಕೆಲಸ ಮಾಡುವ, ಕಬ್ಬಿಣದ ಭಾರ ಇಲ್ಲದ ಸಾಮಾನು ಆಗುತ್ತದೆ. ಮೊದಲ ಸುರುಳಿ ಬಂದ ದಿನ ಸಾವ್ಕಾರ್ರು ಅದಕ್ಕೆ ಕುಂಕುಮ ಹಚ್ಚಿ, ಅದರ ಮುಂದೆಯೇ ಕಾಯಿ ಒಡೆದರು. ಕಾಯಿಯ ನೀರು ಸಿಡಿದು ಬಟ್ಟೆಯ ತುದಿ ತೊಯ್ದಿತು. ತೊಯ್ದ ಬಟ್ಟೆ ರೆಸಿನ್ ಹಿಡಿಯುವುದಿಲ್ಲ. ಹೀಗಾಗಿ ಬೀದರಿನಲ್ಲಿ ನಮ್ಮ ಕೈಯಿಂದ ಆದ ಮೊದಲ ಕಾರ್ಬನ್ ಕೆಲಸ ಎಂದರೆ ಒಂದು ಗಜ ಹೊಸ ಬಟ್ಟೆ ಕತ್ತರಿಸಿ ಕಸಕ್ಕೆ ಎಸೆದದ್ದು.

ಗಿರಾಕಿಗಳ ಬುದ್ಧಿ ಸಾವ್ಕಾರ್ರಿಗಿಂತ ಮೇಲೇನೂ ಇರಲಿಲ್ಲ. ಜೀಪಿನ ಬಾನೆಟ್ಟು, ಬೈಕಿನ ಮಡ್‌ಗಾರ್ಡು ಮಾಡಿಸಲು ಬರುತ್ತಿದ್ದರು. ಹಗುರ ಬೇಕೇ, ಗಟ್ಟಿ ಬೇಕೇ ಎಂದರೆ, "ಆ ಚೌಕಡಿ ಚೌಕಡಿ ಕಾಣಬೇಕ್ರಿ" ಎನ್ನುತ್ತಿದ್ದರು. ಕಾಣಿಸಿದೆವು. ಒಳಗೆಲ್ಲ ಗ್ಲಾಸು, ಮೇಲೊಂದು ಕಾರ್ಬನ್ ಬಟ್ಟೆ, ಅದರ ಮೇಲೆ ವಾರ್ನಿಷು. ಕಬ್ಬಿಣದ ಬಾನೆಟ್ಟಿಗಿಂತ ಭಾರವಾದ ಕಾರ್ಬನ್ ಬಾನೆಟ್ಟನ್ನು ಹೊತ್ತು ಜೀಪು ಹೋಗುವಾಗ ಅದರ ಮಾಲಕನ ಎದೆ ಉಬ್ಬಿರುತ್ತಿತ್ತು. ಇದಕ್ಕೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ, ನಮ್ಮನ್ನೂ ಹಾಕಲಿಲ್ಲ.

ಈಗ ಬಟ್ಟೆಯ ತೂಕದ ಮಾತು. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಜಿಎಸ್‌ಎಂ. ಇನ್ನೂರರದು ತೆಳು, ನಾನೂರರದು ದಪ್ಪ. ನಾನೂರರದು ಎರಡು ಹಾಕಿದರೂ ಇನ್ನೂರರದು ನಾಲ್ಕು ಹಾಕಿದರೂ ತಕ್ಕಡಿಯಲ್ಲಿ ಒಂದೇ. ಹಾಗಾದರೆ ನಾಲ್ಕು ಸಲ ಬಗ್ಗುವುದೇಕೆ, ಎರಡೇ ಸಲ ಬಗ್ಗಿದರಾಯಿತು ಎಂದು ನೀವೂ ಅಂದುಕೊಳ್ಳುತ್ತೀರಿ. ನಮ್ಮ ಸಾವ್ಕಾರ್ರೂ ಅಂದುಕೊಂಡರು. ಔರಾದ ಕಡೆಯ ರೈತರು ಸೋಯಾಬೀನಿಗೆ ಹುಳದ ಎಣ್ಣೆ ಹೊಡೆಯುವ ಟ್ರ್ಯಾಕ್ಟರಿಗೆ ಎರಡೂ ಕಡೆ ಚಾಚುವ ಉದ್ದನೆಯ ತೋಳು ಮಾಡಿಸಲು ಬಂದಾಗ, ಊಟದ ಹೊತ್ತಿನೊಳಗೆ ಮುಗಿಯಲಿ ಎಂದು ದಪ್ಪ ಬಟ್ಟೆಯನ್ನೇ ಹಾಕಿಸಿದರು. ದಪ್ಪ ಬಟ್ಟೆ ಸಾಂಚಾದ ಮೂಲೆಯಲ್ಲಿ ಕೂಡುವುದಿಲ್ಲ, ಮೂಲೆ ಬಿಟ್ಟು ಸೇತುವೆಯ ಹಾಗೆ ನಿಲ್ಲುತ್ತದೆ. ಕೆಳಗೆ ಪೊಳ್ಳು. ಮೇಲಿನಿಂದ ನೋಡಿದರೆ ಕನ್ನಡಿ ಕನ್ನಡಿ ಹೊಳೆಯುತ್ತಿರುತ್ತದೆ, ಬೆರಳಿನಿಂದ ಬಡಿದರೆ ಮಾತ್ರ ಟೊಳ್ಳು ಸದ್ದು ಬರುತ್ತದೆ. ನಾನು ಬಡಿದು ತೋರಿಸಿದೆ.

"ರೇವಪ್ಪಾ, ಇದೇನ್ ತಬಲಾ ಏನು? ಕಳಿಸು ಗಾಡಿ," ಎಂದರು ಸಾವ್ಕಾರ್ರು.

ತೋಳು ಮೊದಲ ಬದುವಿಗೇ ಮುರಿಯಿತು. ಕಬ್ಬಿಣವಾಗಿದ್ದರೆ ಬಾಗಿ, ಸೊಟ್ಟಾಗಿ, ನಾಲ್ಕು ದಿನ ಮುಂಚೆ ತಿಳಿಸುತ್ತಿತ್ತು. ಕಾರ್ಬನ್ ಹೇಳದೆ ಕೇಳದೆ ಮುರಿಯುತ್ತದೆ. ಸುದ್ದಿ ಕೇಳಿದ ಸಾವ್ಕಾರ್ರು ಅರ್ಧ ಗಳಿಗೆ ವಿಚಾರ ಮಾಡಿ, "ಇನ್ನೊಂದ್ ಪದರ ಹಾಕ್ರಿ" ಎಂದರು. ಪೊಳ್ಳಿನ ಮೇಲೆ ಇನ್ನೊಂದು ಪದರ! ಅವರಿಗೆ ತಿಳಿದ ಔಷಧಿ ಅದೊಂದೇ.

ಅದರ ಮೇಲೆ ಅವರದೊಂದು ಪದ್ಧತಿ ಇತ್ತು. ಮದುವೆಯ ಆಹೇರಿಗೆ ನಾವು ನೂರಾ ಒಂದು, ಐನೂರಾ ಒಂದು ಇಡುತ್ತೇವಲ್ಲ, ಸಮ ಸಂಖ್ಯೆ ಅಲ್ಲಿಗೇ ಮುಗಿದು ಹೋಗುತ್ತದೆ, ಒಂದು ಕೂಡಿಸಿದರೆ ಮುಂದೆ ಬೆಳೆಯುತ್ತದೆ ಎಂಬ ನಂಬಿಕೆ. ಸಾವ್ಕಾರ್ರು ಇದನ್ನು ಕಾರ್ಬನ್ನಿಗೂ ತಂದರು. ಎಂಟು ಪದರದ ಸಾಮಾನಿಗೆ ಒಂಬತ್ತು, ಹತ್ತರದಕ್ಕೆ ಹನ್ನೊಂದು. ಆ ಕೊನೆಯ ಶುಭದ ಪದರವನ್ನು ಎಲ್ಲಕ್ಕಿಂತ ಮೇಲೆ, ಅವರ ಕೈಯಿಂದಲೋ ಅಂದು ಬಂದ ಅತಿಥಿಯ ಕೈಯಿಂದಲೋ ಹಾಕಿಸಬೇಕು. ಬಾನೆಟ್ಟಿಗೆ ಇದರಿಂದ ಏನೂ ಆಗುವುದಿಲ್ಲ. ಆಗುವುದು ಎಲ್ಲಿ ಎಂಬುದನ್ನು ನಮಗೆ ವಿವರಿಸಿ ಹೇಳಿದವಳು ಫರ್ಹೀನ್.

ಫರ್ಹೀನ್ ನಮ್ಮಲ್ಲಿಗೆ ಬಂದ ಮೊದಲ ಎಂಜಿನಿಯರು. ಬೀದರಿನ ಹಳೆಯ ಮನೆತನ, ತಂದೆಗೆ ಊರೊಳಗೆ ಬಟ್ಟೆ ಅಂಗಡಿ. ಅವಳು ಬಂದು ಬ್ರಷ್ಷು ಬಿಡಿಸಿದಳು, ರೆಸಿನ್ನನ್ನು ತೂಗಿ ಕೊಡುವುದು ಶುರುಮಾಡಿದಳು. ಸಾಮಾನಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಾಳಿ ಹೀರುವ ಪಂಪು ಹಚ್ಚಿಸಿದಳು. ಪದರಗಳ ನಡುವೆ ಉಳಿದ ಗಾಳಿ, ಹೆಚ್ಚಿನ ರೆಸಿನ್ ಎಲ್ಲ ಹೊರಗೆ. ರೆಸಿನ್ ಹೆಚ್ಚು ಬಳಿದಷ್ಟೂ ಗಟ್ಟಿ ಎಂದು ಅಲ್ಲಿಯವರೆಗೆ ಬಳಿದಿದ್ದೇ ಬಳಿದಿದ್ದೆವು. ಹಳಬರು ಕೆಲವರು ಅವಳನ್ನು ನೋಡಿ ಮೂಗು ಮುರಿದರು. ಮುರಿದ ಮೂಗುಗಳಿಂದ ಕಾರ್ಖಾನೆಗೆ ಏನೂ ನಷ್ಟವಾಗಲಿಲ್ಲ.

"ಕಾಕಾ, ಮ್ಯಾಲಿಂದ ಎಣಿಸಿದ್ರೂ ಕೆಳಗಿಂದ ಎಣಿಸಿದ್ರೂ ಒಂದೇ ಹಿಸಾಬ್ ಬರಬೇಕು," ಎನ್ನುತ್ತಿದ್ದಳು. "ಮ್ಯಾಲ ಓರೆ ಎಳಿ ಇದ್ರ ಕೆಳಗೂ ಅಷ್ಟೇ ಓರೆ. ಒಂದು ಕಡಿ ಜಾಸ್ತಿ ಆಯ್ತೋ, ಭಟ್ಟಿಯಿಂದ ತೆಗೆದ ಮ್ಯಾಲ ತಿರುಚ್ತದ."

ಬಿಸಿಲಿಗೆ ಹಾಕಿದ ಹಪ್ಪಳ ನೋಡಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಸಾವ್ಕಾರ್ರ ಮನೆಯಲ್ಲಿಯೂ ಹಪ್ಪಳ ಮಾಡುತ್ತಿದ್ದರು, ಅವರು ತಿನ್ನುವುದಷ್ಟೇ ಮಾಡಿದ್ದರು ಎಂದು ಕಾಣುತ್ತದೆ.

ಹೀಗಿರುವಾಗ ಒಂದು ದಿನ ಪ್ರಜ್ಞಾ ಟೀಚರು ಬಂದರು. ಭಾಲ್ಕಿಯವರು, ಬೌದ್ಧ ಮನೆತನದ ಹೆಣ್ಣುಮಗಳು, ಠಾಣಾ ಕುಶನೂರಿನ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲಿನಲ್ಲಿ ಶಕ್ತಿ ಇಲ್ಲ. ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಹಾಕುತ್ತಿದ್ದರು: ಎರಡೂ ಪಕ್ಕಕ್ಕೆ ಕಬ್ಬಿಣದ ಪಟ್ಟಿ, ಮೊಣಕಾಲಿನ ಹತ್ತಿರ ಚಿಲಕ, ಕೆಳಗೆ ಬೂಟು. ಚಿಲಕ ಹಾಕಿದರೆ ಕಾಲು ನೆಟ್ಟಗೆ ನಿಲ್ಲುತ್ತದೆ. ಆ ಕಬ್ಬಿಣವನ್ನು ಎಷ್ಟು ಸಲ ಬೆಸುಗೆ ಹಾಕಿಸಿದ್ದರೋ, ಪಟ್ಟಿಯ ಮೇಲೆಲ್ಲ ಗಂಟು. ವಿಮಾನಕ್ಕೆ ಹಾಕುವ ಸಾಮಾನು ಕೊಳಾರದಲ್ಲಿ ಮಾಡುತ್ತಾರಂತೆ ಎಂದು ಯಾರೋ ಹೇಳಿದ್ದರಂತೆ.

"ಶೋಕಿ ಮಾಡಿ ಹಾಕ್ಕೊಂಡು ಮೆರಿಲಕ್ಕ ಅಲ್ರಿ," ಎಂದು ಅವರು ನನಗೆ, ಫರ್ಹೀನಳಿಗೆ ನೇರವಾಗಿಯೇ ಹೇಳಿದರು. "ದಿನಾ ಭಾಲ್ಕಿಯಿಂದ ಬಸ್ ಹತ್ತಬೇಕು. ಈ ಕಬ್ಬಿಣ ಹೊತ್ತ ಕಾಲು ಮೆಟ್ಟಲಾ ತನ ಏಳಂಗಿಲ್ಲ. ಕಂಡಕ್ಟರ್ ನನ್ನ ರಟ್ಟಿ ಹಿಡಿದು ಮ್ಯಾಲ ಜಗ್ತಾನ್ರಿ. ಛಲೋ ಮನುಷ್ಯಾನೇ. ಆದ್ರ ದಿನಾ ಮಂದಿ ಮುಂದ ಚೀಲದಂಗ ಜಗ್ಗಿಸ್ಕೊಂಡು ನನಗ ಸಾಕಾಗ್ಯಾದ. ಹೆಡ್‌ಮಾಸ್ತರು ಭಾಲ್ಕಿಯೊಳಗ ಆಫೀಸ್ ಕೆಲಸಕ್ಕ ಬರೆದು ಕೊಡ್ತೇನಿ ಅಂತಾರ. ನಾ ಸಾಲಿ ಬಿಡಂಗಿಲ್ರಿ. ನಂದು ನಾನೇ ಬಸ್ ಹತ್ತಬೇಕು, ಅಷ್ಟೇ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಗಿರಾಕಿಯೂ ನನಗೆ ಕೆಲಸ ಹೇಳಿರಲಿಲ್ಲ. ಅಳತೆ ತೆಗೆಯುವುದು, ಬೂಟು, ಬೆಲ್ಟು, ಚಿಲಕ ಕೂಡಿಸುವುದು ಕ್ಯಾಲಿಪರ್ ಮಾಡುವವರ ಕೆಲಸ. ನಮ್ಮ ಪಾಲಿಗೆ ಬಂದದ್ದು ಪಕ್ಕದ ಪಟ್ಟಿಗಳು. ಫರ್ಹೀನ್ ಕೂತು ಲೆಕ್ಕ ಹಾಕಿದಳು. ಮೈಭಾರ ಬೀಳುವುದು ಪಟ್ಟಿಯ ಉದ್ದಕ್ಕೆ, ಆದ್ದರಿಂದ ಒಳಗೆ ಉದ್ದಕ್ಕೇ ಎಳೆ ಇರುವ ಮುನ್ನೂರರ ಬಟ್ಟೆ. ತಿರುಚು ತಡೆಯಲು ಅದರ ಹೊರಗೆ ಎರಡೂ ಕಡೆ ಇನ್ನೂರರ ನೇಯ್ಗೆ, ಎಳೆ ಓರೆ ಬರುವಂತೆ. ಎಲ್ಲಕ್ಕೂ ಹೊರಗೆ ಎರಡೂ ಕಡೆ ತೆಳು ಗ್ಲಾಸು, ನಾಳೆ ಒಳಗಿನ ಕಾರ್ಬನ್ ಬಿರಿದರೂ ಪಟ್ಟಿ ಎರಡು ತುಂಡಾಗಿ ಟೀಚರನ್ನು ಬಸ್ಸಿನ ಕೆಳಗೆ ಕೆಡವಬಾರದು ಎಂದು. ಮೊದಲು ಮಾಡಿದ ಪಟ್ಟಿಯನ್ನು ಎರಡು ಕಲ್ಲಿನ ಮೇಲಿಟ್ಟು, ನಡುವೆ ತೊಗರಿ ಚೀಲ ತೂಗುಹಾಕಿ, ಚೀಲದ ಮೇಲೆ ಚೀಲ ಏರಿಸುತ್ತ ಹೋಗಿ ಬೇಕೆಂದೇ ಮುರಿದೆವು. ಮುರಿದು ನೋಡದೆ ಕೊಡುವವನನ್ನು ನಂಬಬೇಡಿ. ಸಾವ್ಕಾರ್ರು ಮಾತ್ರ ಒಳ್ಳೆಯ ಸಾಮಾನು ಹಾಳು ಮಾಡಿದಿರಿ ಎಂದು ಮಧ್ಯಾಹ್ನದವರೆಗೆ ಬೈದರು.

ಬೈದು ಮುಗಿದ ಮೇಲೆ ಅವರಿಗೆ ಬೇರೆ ಬೆಳಕು ಹೊಳೆಯಿತು. ಟೀಚರಿಗೆ ಇದನ್ನು ಫುಕಟ್ ಕೊಡುವುದು. ಕಾರ್ಯಕ್ರಮ ಮಾಡುವುದು. ಫೋಟೋ ತೆಗೆಸುವುದು. ಪ್ರಜ್ಞಾ ಅವರು "ಎಷ್ಟಾಗ್ತದೋ ನಾ ಕೊಡ್ತೇನ್ರಿ" ಎಂದರೂ ಕೇಳಲಿಲ್ಲ. ಫುಕಟ್ ಕೊಡುವ ಮನುಷ್ಯನಿಗೆ ತಗೊಳ್ಳುವವರ ಮಾತು ಕೇಳಿಸಿಕೊಳ್ಳುವ ಗರಜೇ ಇರುವುದಿಲ್ಲ ನೋಡಿ.

ಶುಭದ ಪದರ ಹಾಕಲು ಊರಿನ ಒಬ್ಬ ದೊಡ್ಡ ಮನುಷ್ಯರನ್ನು ಕರೆತಂದರು. ಹೆಸರು ಬೇಡ. ಹಾರ, ಪೇಟಾ, ಭಾಷಣ ಎಲ್ಲ ಆಗುವಷ್ಟರಲ್ಲಿ ಕಲಸಿಟ್ಟ ರೆಸಿನ್ ಬಿಸಿಯಾಗಿ ಗಟ್ಟಿಯಾಗತೊಡಗಿತು. ಮೇಲೊಂದು ಪದರ ಬೇಡವೇ ಬೇಡ ಎಂದು ಫರ್ಹೀನ್ ತಿರುಚುವ ಮಾತನ್ನೇ ಮತ್ತೆ ಹೇಳಿದಳು. ನಾನೂ ಹೇಳಿದೆ.

"ನೀವಿಬ್ಬರೂ ಸುಮ್ಮ ಕೂಡ್ರಿ," ಎಂದರು ಸಾವ್ಕಾರ್ರು. "ಜಾಸ್ತಿ ಹಾಕಿದ್ರ ಯಾವ ಸಾಮಾನರೇ ಕೆಡ್ತದೇನು?"

ದೊಡ್ಡ ಮನುಷ್ಯರು ಬಟ್ಟೆ ಹಿಡಿದದ್ದು ಪಟ್ಟಿಯನ್ನು ನೋಡುತ್ತ ಅಲ್ಲ, ಕ್ಯಾಮೆರಾ ನೋಡುತ್ತ. ಉದ್ದಕ್ಕೆ ಬರಬೇಕಾದ ಎಳೆ ಓರೆಯಾಗಿ ಕೂತಿತು. ತೆಗೆದು ಸರಿಯಾಗಿ ಹಾಕಲು ನಾನು ಕೈ ಹಾಕಿದರೆ ಸಾವ್ಕಾರ್ರು ಮುಟ್ಟಗೊಡಲಿಲ್ಲ. ಅತಿಥಿಗಳ ಕೈ ತಾಕಿದ್ದನ್ನು ಕಿತ್ತರೆ ಅವಮಾನವಂತೆ.

ಭಟ್ಟಿಯಿಂದ ಪಟ್ಟಿಗಳು ಹೊರಬಂದಾಗ ಫರ್ಹೀನ್ ಹೇಳಿದಂತೆಯೇ ಆಗಿತ್ತು. ನೆಲದ ಮೇಲಿಟ್ಟರೆ ಒಂದು ತುದಿ ಕೂಡುತ್ತಿತ್ತು, ಇನ್ನೊಂದು ಏಳುತ್ತಿತ್ತು. ಇದನ್ನು ಕೊಡುವುದು ಬೇಡ ಎಂದರೆ, ಪತ್ರಿಕೆಯವರಿಗೆ ಹೇಳಿಯಾಗಿದೆ ಎಂಬ ಉತ್ತರ ಬಂತು. ಬೆಲ್ಟು, ಬೂಟು ಕೂಡಿಸಿ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನಾ ಹಾಕಿ ಟೀಚರನ್ನು ಕರೆಸಿದರು. ಅವರು ಕುರ್ಚಿಯ ಮೇಲೆ ಕೂತು ಕ್ಯಾಲಿಪರ್ ಹಾಕಿಕೊಂಡರು, ಚಿಲಕ ಹಾಕಿದರು, ಎದ್ದು ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ನಿಂತ ಕಾಲಿನ ಪಾದ ಒಳಕ್ಕೆ ತಿರುಗಿ ಇನ್ನೊಂದು ಪಾದದ ಮೇಲೆ ಹೋಗಿತ್ತು. ಚಪ್ಪಾಳೆ ತಟ್ಟುವವರು ಯಾರೂ ಕಾಲು ನೋಡಿರಲಿಲ್ಲ. ನನಗೆ ನಿಂತಲ್ಲೇ ಭೂಮಿಗೆ ಇಳಿದು ಹೋಗಬೇಕು ಅನ್ನಿಸಿತು.

"ನಾಕ್ ದಿನ ಹಾಕ್ರಿ, ರೂಢಿ ಆಗ್ತದ," ಎಂದು ಸಾವ್ಕಾರ್ರು ಹಲ್ಲು ಕಿರಿದರು.

ಟೀಚರು ಕೂತರು. ಮೈಕು ಹಿಡಿದವನು ಎರಡು ಮಾತು ಹೇಳಿ ಎಂದು ಮೈಕನ್ನು ಅವರ ಬಾಯಿಗೇ ಹಿಡಿದ.

"ನನ್ನ ಕಾಲು ಮೊದಲೇ ಸೊಟ್ಟ ಅದಾರಿ," ಎಂದರು ಅವರು. "ಅದನ್ನ ನೆಟ್ಟಗ ಮಾಡ್ರಿ ಅಂತ ಬಂದೀನಿ. ನೀವು ಸೊಟ್ಟ ಪಟ್ಟಿ ಕೊಟ್ಟು ರೂಢಿ ಮಾಡ್ಕೋ ಅಂತೀರಿ. ಕಾಲಿನ ರೂಢಿ ನನಗ ಆಗ್ಯಾದ್ರಿ, ಇನ್ನ ನಿಮ್ಮ ಕೆಲಸದ ರೂಢಿನೂ ನಾನೇ ಮಾಡ್ಕೋಬೇಕೇನು?"

ಅವರು ಬೆಲ್ಟು ಬಿಚ್ಚಿ, ಹೊಸದನ್ನು ಕುರ್ಚಿಯ ಮೇಲಿಟ್ಟು, ಹಳೆಯ ಕಬ್ಬಿಣ ಹಾಕಿಕೊಂಡು ಆಟೋ ಹತ್ತಿದರು. ಎಷ್ಟೋ ವರ್ಷ ಆ ಕಾರ್ಖಾನೆಯಲ್ಲಿ ಯಾರೂ ಸಾವ್ಕಾರ್ರಿಗೆ ಹೇಳದ ಮಾತನ್ನು ಒಬ್ಬರು ಹೇಳಿ ಹೋದರಲ್ಲ ಎಂದು ನನಗೆ ಸಂತೋಷವಾಯಿತು. ಆದರೆ ಆ ಕಬ್ಬಿಣ ಆಟೋದ ಮೆಟ್ಟಿಲಿಗೆ ಬಡಿದ ಸದ್ದೂ ಕೇಳಿಸಿತು. ಅವರ ಕೆಲಸ ಹಾಗೇ ಉಳಿದಿತ್ತು.

ಮರುದಿನ ಸಾವ್ಕಾರ್ರು ತಾವಾಗಿಯೇ ನಮ್ಮನ್ನು ಕರೆದರು. ಹೆಸರು ಕೆಟ್ಟಿತ್ತು, ಅದನ್ನು ನೆಟ್ಟಗೆ ಮಾಡಬೇಕಿತ್ತು. ಉಪಾಯವೂ ಸಿದ್ಧವಿತ್ತು: "ಅದರ ಮ್ಯಾಲ ಇನ್ನೊಂದ್ ಪದರ ಉಲ್ಟಾ ಹಾಕ್ರಿ, ತಿರುವು ಹೋಗ್ತದ."

ನಾನು ಕೂಗಾಡುವವನಿದ್ದೆ. ಫರ್ಹೀನ್ ನನ್ನ ತೋಳು ಹಿಡಿದಳು. "ಹೊಸಾದು ಮಾಡೋಣ್ರಿ," ಎಂದಳು ಸಾವ್ಕಾರ್ರಿಗೆ. "ಬೆಸ ಪದರಾನೇ ಹಾಕೋಣು. ನಿಮ್ಮ ಕೈಯಿಂದಾನೇ ಹಾಕ್ರಿ. ಆದ್ರ ಮ್ಯಾಲ ಬ್ಯಾಡ, ಬರೋಬರ್ ನಡುವ ಹಾಕ್ರಿ."

"ನಡುವ ಯಾಕ? ಯಾರಿಗೂ ಕಾಣಂಗಿಲ್ಲಲ್ಲ!"

"ಅದಕ್ಕೇ ರೀ. ಮ್ಯಾಲಿದ್ರ ನಜರ್ ತಾಕ್ತದ. ನಿನ್ನಿ ಎಷ್ಟು ಮಂದಿ ಕಣ್ಣು ಬಿತ್ತು ನೋಡ್ರಿ."

ಸಾವ್ಕಾರ್ರು ಗಂಭೀರವಾಗಿ ತಲೆ ಆಡಿಸಿದರು. ಈ ವಿಚಾರ ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳನ್ನೇ ಬೈದರು. ನಾನು ನಗು ತಡೆಯಲು ಹೊರಗೆ ಹೋದೆ. ಎಳೆ, ಓರೆ, ಲೆಕ್ಕ ಎಂದು ಅವಳು ಹೇಳಿದ ಒಂದೂ ಮಾತು ಆ ತಲೆಯೊಳಗೆ ಇಳಿದಿರಲಿಲ್ಲ, ನಜರ್ ಮಾತ್ರ ಥಟ್ಟನೆ ಇಳಿಯಿತು.

ಹೊಸದಾಗಿ ಹಾಸಿದೆವು. ಅರ್ಧಕ್ಕೆ ಬಂದಾಗ ಸಾವ್ಕಾರ್ರು ಕೈತೊಳೆದುಕೊಂಡು ಬಂದು ನಡುವಿನ ಪದರ ಹಾಕಿ ಕೈಮುಗಿದು ಹೋದರು. ಅವರದೂ ಓರೆಯಾಗಿತ್ತು. ನಟ್ಟನಡುವಿನ ಪದರ ಕೊಂಚ ಓರೆ ಇದ್ದರೂ ಪಟ್ಟಿ ತಿರುಚುವುದಿಲ್ಲ, ಅದರ ಎರಡೂ ಕಡೆ ಜಗ್ಗುವವರು ಸಮ ಇರುತ್ತಾರೆ ಎಂದಳು ಫರ್ಹೀನ್. ಆದರೂ ನಾನು ಅದನ್ನು ಎತ್ತಿ ನೇರ ಮಾಡಿಯೇ ಮುಂದಿನದು ಹಾಸಿದೆ. ಈ ಸಲ ಪಟ್ಟಿಗಳು ಭಟ್ಟಿಯಿಂದ ಸೂತು ಹಿಡಿದಂತೆ ನೆಟ್ಟಗೆ ಬಂದವು. ಸಾವ್ಕಾರ್ರು ಇವತ್ತಿಗೂ ಕಾರ್ಖಾನೆಗೆ ಬಂದವರಿಗೆಲ್ಲ ಬಲ ಇರುವುದು ನಡುವಿನ ಪದರದಲ್ಲಿ, ಅದು ನನ್ನ ಕೈಯದು ಎಂದು ಹೇಳುತ್ತಾರಂತೆ. ಹೇಳಿಕೊಳ್ಳಲಿ.

ಹೊಸ ಕ್ಯಾಲಿಪರಿನ ಬೆಲ್ಟು, ಬೂಟು ಎಲ್ಲ ಕೂಡಿಸಿ, ಟೀಚರು ಮನೆಯೊಳಗೆ ನಾಲ್ಕು ದಿನ ನಡೆದು ನೋಡಿದ ಮೇಲೆ ಬಸ್ಸಿನ ದಿನ ಬಂತು. ಭಾಲ್ಕಿ ಸ್ಟ್ಯಾಂಡಿಗೆ ನಾನೂ ಫರ್ಹೀನಳೂ ಹೋದೆವು. ಯಾರು ಹೇಳಿದರೋ, ಸಾವ್ಕಾರ್ರೂ ಕಾರು ತಗೊಂಡು ಬಂದಿದ್ದರು, ಕೈಯಲ್ಲಿ ಮೊಬೈಲು.

ಓದುವ ನಿಮಗೆ ಒಂದು ಗಳಿಗೆಯ ಮಾತು ಹೇಳುತ್ತೇನೆ. ಅಂಥ ಕಾಲಿನವರು ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೆಯ ಕಾಲನ್ನು ಎತ್ತಬೇಕು. ಅದು ಗಾಳಿಯಲ್ಲಿರುವಷ್ಟು ಹೊತ್ತು ಇಡೀ ಮೈಭಾರ ಆ ಪಟ್ಟಿಗಳ ಮೇಲೆ. ತೊಗರಿ ಚೀಲಗಳು ಎಷ್ಟು ತಡೆದವು, ಲೆಕ್ಕ ಏನು ಬಂತು ಎಂಬುದು ನನಗೆ ಬಾಯಿಪಾಠ ಇತ್ತು. ಆದರೂ ಅವರು ಸರಳು ಹಿಡಿದು ಒಳ್ಳೆಯ ಕಾಲನ್ನು ಎತ್ತಿದಾಗ ನಾನು ಮನಸ್ಸಿನಲ್ಲೇ ಪದರಗಳನ್ನು ಮತ್ತೆ ಎಣಿಸತೊಡಗಿದೆ. ಪದರ ಎಣಿಸುವ ಕೆಲಸ ಎಂದರೆ ನಿಜವಾಗಿ ಈ ಒಂದು ಗಳಿಗೆಗೆ ಹೆದರುವ ಕೆಲಸ. ಹೆದರದವರು ಬಾನೆಟ್ಟು ಮಾಡಲಿ.

ಕಾಲು ಮೇಲಿನ ಮೆಟ್ಟಿಲಿಗೆ ಮುಟ್ಟಿತು. ಇನ್ನೊಂದು ಕಾಲು, ಕ್ಯಾಲಿಪರಿನದು, ಹಗುರಾಗಿ ಅದರ ಹಿಂದೆಯೇ ಎದ್ದು ಬಂತು. ಕಂಡಕ್ಟರ್ ರೂಢಿಯಂತೆ ರಟ್ಟೆ ಹಿಡಿಯಲು ಕೈ ಚಾಚಿ ನಿಂತಿದ್ದ. ಟೀಚರು ಹೆಗಲಿನ ಊಟದ ಚೀಲ ತೆಗೆದು ಆ ಕೈಗೆ ಕೊಟ್ಟು, ಮುಂದಿನ ಮೆಟ್ಟಿಲನ್ನೂ ಹತ್ತಿ ಒಳಗೆ ಹೋದರು.

ಫರ್ಹೀನ್ ಅಳುತ್ತಿದ್ದಳು. ನನ್ನ ಕಣ್ಣೂ ಒದ್ದೆಯಾಗಿತ್ತು. ಸಾವ್ಕಾರ್ರು ಮಾತ್ರ ಮೊಬೈಲು ತಿರುವಿ ಹಿಡಿದಿದ್ದರಿಂದ ಅದರಲ್ಲಿ ಅವರದೇ ಮುಖ ಬಂದಿತ್ತು.

"ಟೀಚರ್, ಟೀಚರ್!" ಎಂದು ಬಾಗಿಲಿಗೆ ಓಡಿದರು. "ಜರಾ ಇಳಿದು ಇನ್ನೊಮ್ಮಿ ಹತ್ರಿ, ಫೋಟೋ ಬಂದಿಲ್ಲ!"

ಕಿಟಕಿಯ ಪಕ್ಕದ ಸೀಟಿನಲ್ಲಿ ಆಗಲೇ ಕೂತಿದ್ದ ಟೀಚರು ತಲೆ ಹೊರಗೆ ಹಾಕಿದರು.

"ನಾ ಇಳಿಲಕ್ಕ ಹತ್ತಿಲ್ರಿ, ಸಾಲಿಗಿ ಹೋಗ್ಲಕ್ಕ ಹತ್ತೀನಿ," ಎಂದರು. "ನೀವು ಸರೀರಿ, ಬಸ್ ಬಿಡ್ಲಿ."

ಕಂಡಕ್ಟರ್ ಸೀಟಿ ಊದಿದ.